ಬೆಕ್ಕಿನ ತುಟಿಯ ಹುಣ್ಣು: ಅಲರ್ಜಿ, ಆಹಾರ ಮತ್ತು ಉಪಚಾರ

ಅಡಿಕೆ ಉಗ್ರಾಣವಾಗಲಿ, ಕಾಫಿ ಬೀಜದ ಕೋಣೆಯಾಗಲಿ, ಭತ್ತದ ಕಣಜವಾಗಲಿ ಇರುವ ಮನೆಯಲ್ಲಿ ಒಂದು ಬೆಕ್ಕು ಇದ್ದೇ ಇರುತ್ತದೆ. ಕೂಲಿ ಕೇಳದೆ ರಾತ್ರಿಯೆಲ್ಲ ಇಲಿ ಕಾಯುವ ಈ ಜೀವಕ್ಕೆ ನಾವು ಕೊಡುವುದು ಒಂದಿಷ್ಟು ಹಾಲು-ಅನ್ನ ಮತ್ತು ಒಲೆಯ ಪಕ್ಕದ ಬೆಚ್ಚಗಿನ ಜಾಗ. ದನಕ್ಕೆ ಮೈ ಬಿಸಿಯಾದರೆ ಅದೇ ದಿನ ಪಶುವೈದ್ಯರಲ್ಲಿಗೆ ಓಡುವ ನಾವು, ಬೆಕ್ಕಿಗೆ ಹುಣ್ಣಾದರೆ ಮಾತ್ರ “ಎಲ್ಲೋ ಕಾದಾಡಿ ಬಂದಿದೆ, ನೆಕ್ಕಿಕೊಂಡು ತಾನೇ ವಾಸಿ ಮಾಡಿಕೊಳ್ಳುತ್ತದೆ” ಎಂದು ಸುಮ್ಮನಾಗುತ್ತೇವೆ. ಹುಣ್ಣು ಅಲರ್ಜಿಯಿಂದ ಬಂದದ್ದಾದರೆ ಈ ಮಾತು ಪೂರ್ತಿ ತಲೆಕೆಳಗು. ಅಲ್ಲಿ ನೆಕ್ಕುವುದೇ ಹುಣ್ಣನ್ನು ಬೆಳೆಸುತ್ತದೆ.

ಈ ಲೇಖಕನು ಪಶುವೈದ್ಯನಲ್ಲ, ಶಿರಸಿ ಕಡೆಯ ಒಬ್ಬ ಸಾಧಾರಣ ಅಡಿಕೆ ಬೆಳೆಗಾರ. ನಮ್ಮದೇ ಒಂದು ಬೆಕ್ಕಿನ ನಿಮಿತ್ತ ವೈದ್ಯರಿಂದ ಕೇಳಿ, ಓದಿ ತಿಳಿದುಕೊಂಡ ಸಂಗತಿಗಳು ಇತರ ಸದಸ್ಯ ಬಾಂಧವರಿಗೂ ಉಪಯೋಗಕ್ಕೆ ಬರಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಸದಲಗಾಕ್ಕೆ ಹೋದ ಬೆಕ್ಕು

ನನ್ನ ಮಗಳು ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ ಶಿಕ್ಷಕಿ. 2021ರಲ್ಲಿ ಅಲ್ಲಿಗೆ ಹೋಗುವಾಗ ನಮ್ಮ ಮನೆಯ ಒಂದು ಹೆಣ್ಣು ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋದಳು. ದೂಧಗಂಗಾ ನದಿಯ ದಂಡೆಯ ಊರು ಅದು. ಸುತ್ತಲೂ ಕಬ್ಬಿನ ಗದ್ದೆ, ನಿಪ್ಪಾಣಿಯ ಮಗ್ಗುಲಿಗೆ ಹೋದರೆ ಬೀಡಿ ತಂಬಾಕಿನ ಹೊಲ. ಅವಳಿರುವುದು ವಯಸ್ಸಾದ ಒಬ್ಬ ತಾಯಿಯ ಮನೆಯ ಬಾಡಿಗೆಯ ಭಾಗದಲ್ಲಿ. ಊರವರು ಆ ತಾಯಿಯನ್ನು ‘ಆಯಿ’ ಎನ್ನುತ್ತಾರೆ. ಮನೆ ಶುದ್ಧ ಶಾಕಾಹಾರಿ, ಹಿತ್ತಲಲ್ಲಿ ಎರಡು ಎಮ್ಮೆ, ಬಾಗಿಲಲ್ಲಿ ಒಂದು ನಾಯಿ. ಬೆಕ್ಕು ಎರಡು ವರ್ಷ ಸುಖವಾಗಿಯೇ ಇತ್ತು.

2023ರ ಮಳೆಗಾಲದಲ್ಲಿ ಅದರ ಮೇಲ್ದುಟಿಯ ಒಂದು ಬದಿ ಊದಿಕೊಂಡು, ನಡುವೆ ಇಟ್ಟಿಗೆ ಬಣ್ಣದ ಹೊಳೆಯುವ ಗುಳಿ ಬಿದ್ದಿತು. ಆಶ್ಚರ್ಯವೆಂದರೆ ಬೆಕ್ಕು ನೋವಿನಿಂದ ಕೂಗಲಿಲ್ಲ, ಊಟ ಬಿಡಲಿಲ್ಲ. ಕೆಲವು ದಿನ ಕಳೆದ ಮೇಲೆ ನೋಡಿದರೆ ಹೊಟ್ಟೆಯ ಕೆಳಗಿನ ಕೂದಲು ಬೋಳಿಸಿದಂತೆ ಹೋಗಿದೆ, ತೊಡೆಯ ಒಳಭಾಗದಲ್ಲಿ ಕೆಂಪಗಿನ ಹಸಿ ದದ್ದು ಎದ್ದಿದೆ.

ಓಣಿಯವರ ಸಲಹೆಗೆ ಬರವಿರಲಿಲ್ಲ. “ಇಲಿ ಕಡದೈತ್ರಿ ಅಕ್ಕೋರ, ಅರಿಶಿಣಾ ಹಚ್ಚ್ರಿ” ಎಂದರು ಒಬ್ಬರು. “ತಂಬಾಕದ ನೀರಿನ್ಯಾಗ ಮೈ ತೊಳೀರಿ, ಎಲ್ಲಾ ಹೋಗತೈತಿ” ಎಂದರು ಇನ್ನೊಬ್ಬರು. ಮಗಳು ನನಗೂ ಫೋನು ಮಾಡಿದಳು. ನಾನು ಕೊಟ್ಟ ಸಲಹೆಯನ್ನು ನಾಚಿಕೆಯಿಂದಲೇ ಬರೆಯುತ್ತೇನೆ: “ಎಮ್ಮೆಗೆ ಉಣ್ಣೆ ಹೋಗಲು ಹಾಕುವ ಔಷಧಿ ಇದ್ದರೆ ಸ್ವಲ್ಪ ನೀರು ಬೆರೆಸಿ ಒರೆಸು.” ಪುಣ್ಯಕ್ಕೆ ಅವಳು ನಮ್ಮ ಯಾರ ಮಾತನ್ನೂ ಕೇಳದೆ ಮೊದಲು ಪಶುವೈದ್ಯರಲ್ಲಿಗೆ ಹೋದಳು. ನನ್ನ ಮಾತು ಕೇಳಿದ್ದರೆ ಬೆಕ್ಕು ಹುಣ್ಣಿನಿಂದಲ್ಲ, ಔಷಧಿಯಿಂದ ಸಾಯುತ್ತಿತ್ತು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಈ ಹುಣ್ಣು ಏನು?

ತನಗೆ ಒಗ್ಗದ ಯಾವುದೋ ಒಂದು ವಸ್ತುವನ್ನು ದೇಹವು ಶತ್ರುವೆಂದು ಬಗೆದು, ಅಗತ್ಯಕ್ಕಿಂತ ಹೆಚ್ಚಾಗಿ ಕೆರಳುವುದೇ ಅಲರ್ಜಿ. ಬೆಕ್ಕಿನಲ್ಲಿ ಹೀಗಾದಾಗ ಈಸಿನೊಫಿಲ್ ಎಂಬ ಒಂದು ಬಗೆಯ ಬಿಳಿ ರಕ್ತಕಣಗಳು ಚರ್ಮಕ್ಕೆ ಮುತ್ತಿಗೆ ಹಾಕುತ್ತವೆ. ಅಲ್ಲಿ ಊತ, ನವೆ, ಹುಣ್ಣು ಕಾಣಿಸಿಕೊಳ್ಳುತ್ತವೆ. ಬೆಕ್ಕಿನ ನಾಲಗೆ ಅರದಂತೆ ಒರಟು. ನವೆಯಾದಲ್ಲಿ ಅದು ಮರೆಯಲ್ಲಿ ಕುಳಿತು ಗಂಟೆಗಟ್ಟಲೆ ನೆಕ್ಕುತ್ತದೆ. ಆದುದರಿಂದ ಮನೆಯವರಿಗೆ ತುರಿಕೆ ಕಾಣುವುದಿಲ್ಲ, ಬೋಳಾದ ಚರ್ಮ ಮಾತ್ರ ಕಾಣುತ್ತದೆ.

ಅಲರ್ಜಿಯು ಚರ್ಮದ ಮೇಲೆ ಸಾಮಾನ್ಯವಾಗಿ ಈ ರೂಪಗಳಲ್ಲಿ ತೋರುತ್ತದೆ:

(1) ಮೇಲ್ದುಟಿಯ ಅಂಚಿನಲ್ಲಿ ಗುಳಿಬಿದ್ದ ಹುಣ್ಣು. ಇದರಲ್ಲಿ ನೋವು, ನವೆ ಎರಡೂ ಕಡಮೆ. ಇಂಗ್ಲಿಷಿನಲ್ಲಿ ಇದಕ್ಕಿರುವ ಹಳೆಯ ಹೆಸರು ‘ಇಲಿಯ ಹುಣ್ಣು’ ಎಂಬಂತೆ ಕೇಳಿಸುತ್ತದೆಯಾದರೂ ಇಲಿ ಕಚ್ಚುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

(2) ಹೊಟ್ಟೆ, ತೊಡೆಯ ಒಳಭಾಗಗಳಲ್ಲಿ ಉಬ್ಬಿದ, ಕೆಂಪಗಿನ, ಒಸರುವ ದದ್ದು. ಇದರ ನವೆ ಬಹಳ ತೀವ್ರ.

(3) ಹಿಂದೊಡೆಯ ಹಿಂಬದಿಯಲ್ಲಿ ದಾರ ಎಳೆದಂತೆ ಉದ್ದಕ್ಕೆ ಏಳುವ ಗಟ್ಟಿ ಗಂಟು, ಅಥವಾ ಗದ್ದದ ಊತ.

(4) ಬೆನ್ನು, ಕುತ್ತಿಗೆಯ ಮೇಲೆ ರಾಗಿಕಾಳಿನಷ್ಟು ಸಣ್ಣ ಹಕ್ಕಳೆಗಳು. ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತವೆ.

(5) ತಲೆ, ಕುತ್ತಿಗೆಗಳನ್ನು ಕೆರೆದು ಕೆರೆದು ಮಾಡಿಕೊಂಡ ಗಾಯ. ಹೊಟ್ಟೆ, ಪಕ್ಕೆಗಳಲ್ಲಿ ಎರಡೂ ಬದಿಗೆ ಸಮನಾಗಿ ಕೂದಲು ಹೋಗುವುದು.

ಇವೆಲ್ಲ ಬೇರೆ ಬೇರೆ ರೋಗಗಳಲ್ಲ. ಒಂದೇ ಅಲರ್ಜಿಯ ಬೇರೆ ಬೇರೆ ಮುಖಗಳು. ಒಂದೇ ಬೆಕ್ಕಿನಲ್ಲಿ ಎರಡು-ಮೂರು ಕೂಡಿ ಬರುವುದೂ ಉಂಟು. ಹೀಗಾಗಿ ಹುಣ್ಣಿಗೆ ಏನು ಹಚ್ಚಬೇಕೆಂಬುದು ಮೊದಲ ಪ್ರಶ್ನೆಯಲ್ಲ. ಬೆಕ್ಕು ದಿನವೂ ಎದುರಿಸುತ್ತಿರುವ ಯಾವ ವಸ್ತು ಅದಕ್ಕೆ ಒಗ್ಗುತ್ತಿಲ್ಲ ಎಂಬುದೇ ಮೊದಲ ಪ್ರಶ್ನೆ.

ಹಾಗೆ ಕಾಣುವ ಬೇರೆ ರೋಗಗಳು

ಅಲರ್ಜಿಯೆಂದು ನಿರ್ಧರಿಸುವ ಮೊದಲು ವೈದ್ಯರು ಕೆಲವು ರೋಗಗಳನ್ನು ಪರೀಕ್ಷಿಸಿ ಬದಿಗಿಡಬೇಕಾಗುತ್ತದೆ. ಹುಳುಕಡ್ಡಿಯು ಶಿಲೀಂಧ್ರದಿಂದ ಬರುವ ರೋಗ, ಬೆಕ್ಕಿನಿಂದ ಮಕ್ಕಳಿಗೆ ಬೇಗ ಅಂಟುತ್ತದೆ. ಕಿವಿಯ ಅಂಚಿನಿಂದ ಶುರುವಾಗಿ ಮುಖಕ್ಕೆ ಹಬ್ಬುವ ದಪ್ಪ ಹಕ್ಕಳೆಯ ಕಜ್ಜಿ ಕಣ್ಣಿಗೆ ಕಾಣದ ಹುಳದಿಂದ ಬರುತ್ತದೆ, ಅದೂ ಮನುಷ್ಯರ ಚರ್ಮದಲ್ಲಿ ಕೆಲಕಾಲ ನವೆ ಉಂಟುಮಾಡಬಲ್ಲುದು. ಕಾದಾಟದ ಗಾಯ ಕೀವುಗಟ್ಟಿದರೆ ಊತ, ಜ್ವರ, ನೋವು ಇರುತ್ತವೆ. ಬಿಳಿ ಕಿವಿ, ಬಿಳಿ ಮೂಗಿನ ಬೆಕ್ಕುಗಳಲ್ಲಿ ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರುವುದುಂಟು. ಉಪಚಾರಕ್ಕೆ ಮಣಿಯದ ಹುಣ್ಣಿನ ಒಂದು ಚೂರನ್ನು ತೆಗೆದು ಪರೀಕ್ಷೆಗೆ ಕಳಿಸುವುದು ಇದಕ್ಕಾಗಿಯೇ. ಕೂದಲು, ಹಕ್ಕಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಕೇವಲ ಕಣ್ಣಂದಾಜಿನಿಂದ ಇವನ್ನು ಬೇರ್ಪಡಿಸುವುದು ಕಷ್ಟ.

ಮೊದಲ ಮೆಟ್ಟಿಲು: ಚಿಗಟ

ಬೆಕ್ಕಿನ ಅಲರ್ಜಿಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಚಿಗಟದ ಕಡಿತ. ಚಿಗಟದ ಜೊಲ್ಲಿಗೆ ಅಲರ್ಜಿಯಿರುವ ಬೆಕ್ಕಿಗೆ ಮೈತುಂಬ ಚಿಗಟ ಬೇಕಿಲ್ಲ, ಕೆಲವೇ ಕಡಿತಗಳು ಸಾಕು. ಬೆಕ್ಕು ನೆಕ್ಕಿ ನುಂಗಿಬಿಡುವುದರಿಂದ ಚಿಗಟ ಕಣ್ಣಿಗೆ ಬೀಳದಿರಬಹುದು. ಆದರೆ ಅದರ ಹಿಕ್ಕೆ ಉಳಿದಿರುತ್ತದೆ. ಹೇನಿನ ಹಣಿಗೆಯಿಂದ ಬಾಲದ ಬುಡದಲ್ಲಿ ಬಾಚಿ, ಬಂದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸಿರಿ. ಅದು ಕರಗಿ ಕೆಂಪು ಕಲೆಯಾದರೆ ಚಿಗಟದ ಹಿಕ್ಕೆಯೆಂದು ತಿಳಿಯಬೇಕು. ಚಿಗಟ ಕುಡಿದ ರಕ್ತವೇ ಆ ಕೆಂಪು. ಸದಲಗಾದ ವೈದ್ಯರು ಮಾಡಿ ತೋರಿಸಿದ ಮೊದಲ ಪರೀಕ್ಷೆಯೇ ಇದು, ಕಾಗದ ಕೆಂಪಾಯಿತು.

ನಮ್ಮ ಕಣ್ಣಿಗೆ ಬೀಳುವ ಬೆಳೆದ ಚಿಗಟಗಳು ಒಟ್ಟು ಸಂತತಿಯ ಸುಮಾರು ನೂರಕ್ಕೆ 5 ಭಾಗ ಮಾತ್ರ. ಉಳಿದವು ಮೊಟ್ಟೆ, ಮರಿಹುಳು, ಗೂಡುಗಳ ರೂಪದಲ್ಲಿ ಹಾಸಿಗೆ, ಗೋಣಿಚೀಲ, ನೆಲದ ಬಿರುಕು, ಅಟ್ಟದ ಧೂಳಿನಲ್ಲಿರುತ್ತವೆ. ಬೆಚ್ಚಗಿನ ತೇವದ ಹವೆಯಲ್ಲಿ ಮೂರು-ನಾಲ್ಕು ವಾರಗಳಲ್ಲಿ ಹೊಸ ಪೀಳಿಗೆ ಏಳುತ್ತದೆ, ಗೂಡಿನಲ್ಲಿರುವುದು ತಿಂಗಳುಗಟ್ಟಲೆ ಕಾದಿರಲೂ ಬಲ್ಲುದು. ಆದುದರಿಂದ ಒಂದು ಸಲ ಔಷಧಿ ಹಾಕಿ ‘ಗುಣ ಬರಲಿಲ್ಲ’ ಎನ್ನುವುದು ಸರಿಯಲ್ಲ. ವೈದ್ಯರು ಕೊಟ್ಟ, ಬೆಕ್ಕಿಗೆಂದೇ ತಯಾರಾದ ಹನಿ ಔಷಧಿಯನ್ನು ನಾಲಗೆಗೆ ಎಟುಕದಂತೆ ಕತ್ತಿನ ಹಿಂಭಾಗದ ಚರ್ಮಕ್ಕೆ ತಿಂಗಳಿಗೊಮ್ಮೆಯಂತೆ ಕನಿಷ್ಠ ಮೂರು ತಿಂಗಳು ಹಾಕಬೇಕು. ಮನೆಯ ಎಲ್ಲ ನಾಯಿ-ಬೆಕ್ಕುಗಳಿಗೂ ಒಟ್ಟಿಗೇ, ಆಯಾ ಪ್ರಾಣಿಗೆ ತಕ್ಕ ಔಷಧಿಯಿಂದ, ಉಪಚಾರವಾಗಬೇಕು. ಬೆಕ್ಕು ಮಲಗುವ ಬಟ್ಟೆ, ಗೋಣಿಗಳನ್ನು ಕುದಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಉಗ್ರಾಣದ ಮೂಲೆಗಳನ್ನು ಗುಡಿಸಿ ಕಸವನ್ನು ಸುಡಬೇಕು.

ಬೆಕ್ಕಿಗೆ ವಿಷವಾಗುವ ‘ಔಷಧಿಗಳು’

ನನ್ನ ತಪ್ಪು ಸಲಹೆಯ ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು. ದನಗಳ ಉಣ್ಣೆಗೆ ಮತ್ತು ನಾಯಿಯ ಚಿಗಟಕ್ಕೆ ಬಳಸುವ ಹಲವು ಔಷಧಿಗಳಲ್ಲಿ ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಎಂಬ ಜಾತಿಯ ರಾಸಾಯನಿಕಗಳಿರುತ್ತವೆ. ನಾಯಿ ಮತ್ತು ದನಗಳ ದೇಹ ಇವನ್ನು ಬೇಗ ಅರಗಿಸಿ ಹೊರಹಾಕುತ್ತದೆ. ಆ ಕೆಲಸಕ್ಕೆ ಬೇಕಾದ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಮೆ. ನಾಯಿಗೆ ಹಾಕುವ ಪರ್ಮೆಥ್ರಿನ್ ಹನಿ ಬಿದ್ದ ಬೆಕ್ಕು ಕೆಲವೇ ಗಂಟೆಗಳಲ್ಲಿ ನಡುಗಿ, ಸೆಳೆತ ಬಂದು ಸಾಯಬಹುದು. ನೀರು ಬೆರೆಸಿದ ಮಾತ್ರಕ್ಕೆ ವಿಷವು ಔಷಧವಾಗುವುದಿಲ್ಲ. ಅಮಿಟ್ರಾಜ್ ಎಂಬ ಉಣ್ಣೆ ಔಷಧಿಯೂ ಬೆಕ್ಕಿಗೆ ಸಲ್ಲದು.

ತಂಬಾಕಿನ ನೀರಿನಲ್ಲಿ ನಿಕೋಟಿನ್ ಇದೆ. ಅದು ಹುಳು ಕೊಲ್ಲುವುದೂ ಹೌದು, ನೆಕ್ಕಿದ ಬೆಕ್ಕನ್ನು ಕೊಲ್ಲುವುದೂ ಹೌದು. ನಮ್ಮಲ್ಲಿ ಗಾಯ ತೊಳೆಯಲು ಬಳಸುವ, ನೀರಿಗೆ ಹಾಕಿದರೆ ಹಾಲಿನಂತಾಗುವ ಕ್ರಿಮಿನಾಶಕ ದ್ರಾವಣಗಳೂ, ಫಿನಾಯಿಲೂ ಬೆಕ್ಕಿಗೆ ಅಪಾಯಕರ. ಮನುಷ್ಯರ ಜ್ವರದ ಪ್ಯಾರಾಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲುದು. ಬೆಕ್ಕಿನ ಮೈಗೆ ಏನು ಹಚ್ಚಿದರೂ ಅದು ಹೊಟ್ಟೆಗೆ ಹೋಗಿಯೇ ಹೋಗುತ್ತದೆಂಬ ಒಂದು ಮಾತನ್ನು ನೆನಪಿಟ್ಟರೆ ಅರ್ಧ ಅನಾಹುತ ತಪ್ಪುತ್ತದೆ.

ಎರಡನೆಯ ಮೆಟ್ಟಿಲು: ಆಹಾರದ ಪರೀಕ್ಷೆ

ಚಿಗಟದ ಉಪಚಾರದಿಂದ ನಮ್ಮ ಬೆಕ್ಕಿನ ತುಟಿಯ ಹುಣ್ಣು ಇಳಿಯಿತು. ಆದರೆ ಹೊಟ್ಟೆ ನೆಕ್ಕುವುದು ನಿಲ್ಲಲಿಲ್ಲ. ಆಗ ವೈದ್ಯರು ಆಹಾರದ ಕಡೆಗೆ ತಿರುಗಿದರು.

ಆಹಾರದ ಅಲರ್ಜಿಯನ್ನು ರಕ್ತಪರೀಕ್ಷೆಯಿಂದ ನಂಬಿಕೆಗೆ ಅರ್ಹವಾಗಿ ಕಂಡುಹಿಡಿಯಲು ಬರುವುದಿಲ್ಲ. ಇರುವ ದಾರಿ ಒಂದೇ: ಬೆಕ್ಕು ಈವರೆಗೆ ತಿಂದ ಎಲ್ಲವನ್ನೂ ನಿಲ್ಲಿಸಿ, ಹೊಸದಾದ ಒಂದೇ ಆಹಾರವನ್ನು ಎಂಟು ವಾರ ಕೊಟ್ಟು ನೋಡುವುದು. ಹೊಸದು ಎಂದರೆ ದುಬಾರಿಯದು ಎಂದಲ್ಲ, ಅದು ಎಂದೂ ತಿನ್ನದ ಪ್ರೋಟೀನ್ ಎಂದರ್ಥ. ಬೆಕ್ಕುಗಳಲ್ಲಿ ಹೆಚ್ಚಾಗಿ ಅಲರ್ಜಿ ತರುವುದು ದನದ ಮಾಂಸ, ಮೀನು ಮತ್ತು ಕೋಳಿ. ಹಾಲು, ಗೋಧಿಗಳಿಂದಲೂ ಕೆಲವಕ್ಕೆ ಬರುತ್ತದೆ. ವರ್ಷಗಟ್ಟಲೆ ತಿಂದು ಒಗ್ಗಿದ ಪದಾರ್ಥಕ್ಕೇ ಅಲರ್ಜಿ ಹುಟ್ಟುವುದು ವಾಡಿಕೆ. ‘ಮೊದಲಿನಿಂದ ತಿನ್ನುತ್ತಿತ್ತಲ್ಲ’ ಎಂಬ ವಾದಕ್ಕೆ ಅರ್ಥವಿಲ್ಲ.

ಮಾಂಸಾಹಾರಿ ಮನೆಗಳಲ್ಲಿ, ಮೀನು-ಕೋಳಿ ತಿಂದು ಬೆಳೆದ ಬೆಕ್ಕಿಗೆ ಆಡಿನ ಮಾಂಸವನ್ನೋ ಬಾತುಕೋಳಿಯನ್ನೋ ಬರಿದೇ ಬೇಯಿಸಿ ಕೊಡಬಹುದು. ಉಪ್ಪು-ಖಾರ ಬೇಡ. ಈರುಳ್ಳಿ, ಬೆಳ್ಳುಳ್ಳಿ ಅಂತೂ ಸರ್ವಥಾ ಕೂಡದು, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮರಿಗಳಿಗೆ, ಗಬ್ಬದ ಬೆಕ್ಕಿಗೆ ಇಂಥ ಬರೀ ಮಾಂಸದ ಊಟ ಸಾಲದು, ವೈದ್ಯರನ್ನು ಕೇಳಿಯೇ ಮಾಡಬೇಕು.

ನಮ್ಮಂಥ ಶಾಕಾಹಾರಿ ಮನೆಗಳ ತೊಡಕು ಬೇರೆ. ಬೆಕ್ಕು ಮಾಂಸವಿಲ್ಲದೆ ಬಾಳುವ ಪ್ರಾಣಿಯಲ್ಲ. ಟಾರಿನ್ ಎಂಬ ಸತ್ತ್ವ ಅದಕ್ಕೆ ಆಹಾರದಿಂದಲೇ ದೊರೆಯಬೇಕು, ಮತ್ತು ಅದಿರುವುದು ಮುಖ್ಯವಾಗಿ ಮಾಂಸ-ಮೀನುಗಳಲ್ಲಿ. ಇದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಕೆಡುತ್ತದೆಂದು 1975ರಲ್ಲಿಯೂ, ಹೃದಯ ದುರ್ಬಲವಾಗುತ್ತದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿದರು. ನಾವು ಕೊಟ್ಟ ಹಾಲು-ಅನ್ನದಿಂದ ನಮ್ಮ ಬೆಕ್ಕುಗಳು ಬದುಕಿವೆಯೆಂದು ನಾವು ತಿಳಿದಿದ್ದೇವೆ. ನಿಜವಾಗಿ ಅವು ಬದುಕಿರುವುದು ಉಗ್ರಾಣದ ಇಲಿಗಳಿಂದ. ಪರೀಕ್ಷೆಯ ಎಂಟು ವಾರ ಬೆಕ್ಕನ್ನು ಮನೆಯೊಳಗೇ ಇಡಬೇಕಾದುದರಿಂದ ಆ ಇಲಿಯೂ ಇಲ್ಲ. ಇಂಥ ಮನೆಗಳಿಗೆ ವೈದ್ಯರು ಬರೆದುಕೊಡುವ ಸಿದ್ಧ ಒಣ ಆಹಾರ ಅನುಕೂಲ. ಅದರಲ್ಲಿ ಪ್ರೋಟೀನನ್ನು ದೇಹ ಗುರುತಿಸಲಾರದಷ್ಟು ಸಣ್ಣ ತುಣುಕುಗಳಾಗಿ ಒಡೆದಿರುತ್ತಾರೆ, ಟಾರಿನ್ ಸಹ ಸೇರಿರುತ್ತದೆ. ಬೆಲೆ ಹೆಚ್ಚು ಎಂಬುದು ನಿಜ. ಆದರೆ ಒಲೆಯ ಮೇಲೆ ಮಾಂಸ ಬೇಯಿಸುವ ಪ್ರಸಂಗವಿಲ್ಲ.

ಹೊಸ ಆಹಾರಕ್ಕೆ ಒಮ್ಮೆಲೇ ಬದಲಾಯಿಸದೆ, ಹಳೆಯದರೊಡನೆ ಬೆರೆಸುತ್ತ ಒಂದು ವಾರದಲ್ಲಿ ಪೂರ್ತಿ ಬದಲಾಯಿಸಬೇಕು. ‘ಹಸಿದರೆ ತಾನೇ ತಿನ್ನುತ್ತದೆ’ ಎಂದು ಬೆಕ್ಕನ್ನು ಉಪವಾಸ ಕೆಡವಬಾರದು. ಎರಡು-ಮೂರು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತಾಗಬಹುದು.

ಒಂದು ಚಮಚ ಹಾಲು

ಸದಲಗಾದ ಪರೀಕ್ಷೆ ನಾಲ್ಕು ವಾರ ಚೆನ್ನಾಗಿ ನಡೆಯಿತು. ಹೊಟ್ಟೆಯ ಮೇಲೆ ನವಿರಾದ ಕೂದಲು ಮೂಡಿತು. ಐದನೆಯ ವಾರ ಬೆಕ್ಕು ಮತ್ತೆ ನೆಕ್ಕತೊಡಗಿತು. ಮಗಳಿಗೆ ದಿಕ್ಕು ತೋಚಲಿಲ್ಲ. ವಿಚಾರಿಸಿದಾಗ ಆಯಿ ಮೆಲ್ಲಗೆ ಒಪ್ಪಿಕೊಂಡರು: “ಬರೇ ಒಂದ ಚಮಚಾ ಹಾಲರೀ ಅಕ್ಕೋರ. ಎಮ್ಮಿ ಹಿಂಡೂ ಮುಂದ ಬಂದ ಕುಂದರತೈತಿ, ಮಾರಿ ನೋಡತೈತಿ. ಹೆಂಗ ಬಿಡೂದು?”

ಆ ಪ್ರೀತಿಯಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಅಲರ್ಜಿಗೆ ಚಮಚದ ಅಳತೆ ತಿಳಿಯದು. ವೈದ್ಯರು ಸಿಟ್ಟಾಗದೆ, “ಒಳ್ಳೇದಾತು, ಸುಳುವು ಸಿಕ್ಕಿತು. ಮತ್ತೆ ಮೊದಲಿನಿಂದ ಎಂಟು ವಾರ ಮಾಡಿ” ಎಂದರು. ಈ ಸಲ ಆಯಿಯೇ ಕಾವಲು ನಿಂತರು. ಎಂಟು ವಾರದ ಕೊನೆಗೆ ಚರ್ಮ ಪೂರ್ತಿ ಮಾಯಿತು. ಆಮೇಲೆ ವೈದ್ಯರ ಸೂಚನೆಯಂತೆ ಬೇಕೆಂದೇ ಹಾಲು ಕೊಟ್ಟು ನೋಡಿದರು, ನಾಲ್ಕನೆಯ ದಿನಕ್ಕೆ ನವೆ ಮರಳಿತು. ಹಾಲು ನಿಲ್ಲಿಸಿದರು, ನವೆ ನಿಂತಿತು. ಅಲ್ಲಿಗೆ ಅಪರಾಧಿ ಯಾರೆಂಬುದು ಖಚಿತವಾಯಿತು.

ಈ ಕೊನೆಯ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಗುಣವಾದುದು ಆಹಾರದಿಂದಲೋ, ಮಳೆಗಾಲ ಮುಗಿದುದರಿಂದಲೋ ಎಂದು ತಿಳಿಯಬೇಕಾದರೆ ಹಳೆಯ ಪದಾರ್ಥಗಳನ್ನು ಒಂದೊಂದಾಗಿ, ತಲಾ ಎರಡು ವಾರ ಕೊಟ್ಟು ನೋಡಲೇಬೇಕು. ಎಲ್ಲ ಬೆಕ್ಕುಗಳಿಗೂ ಹಾಲೇ ಕಾರಣವೆಂದು ಯಾರೂ ತಿಳಿಯಬಾರದು, ನಮ್ಮ ಬೆಕ್ಕಿಗೆ ಹಾಲು, ನಿಮ್ಮದಕ್ಕೆ ಒಣಮೀನು ಇರಬಹುದು. ಹಾಲು ಕುಡಿದ ದೊಡ್ಡ ಬೆಕ್ಕಿಗೆ ಭೇದಿಯಾಗುವುದು ಬೇರೆ ಸಂಗತಿ. ಅದು ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆ, ಅಲರ್ಜಿಯಲ್ಲ.

ಮೂರನೆಯ ಮೆಟ್ಟಿಲು: ಗಾಳಿ, ಧೂಳು, ಸೊಳ್ಳೆ

ಚಿಗಟವೂ ಅಲ್ಲ, ಆಹಾರವೂ ಅಲ್ಲವೆಂದಾದರೆ ಧೂಳಿನ ನುಸಿ, ಪರಾಗ, ಬೂಷ್ಟುಗಳ ಅಲರ್ಜಿಯೆಂದು ತಿಳಿಯಲಾಗುತ್ತದೆ. ಇವನ್ನು ಪೂರ್ತಿ ತಪ್ಪಿಸಲಾಗದು, ಔಷಧಿಯಿಂದ ಹಿಡಿತದಲ್ಲಿಡಬೇಕು. ಮೂಗಿನ ಮೇಲ್ಭಾಗ ಮತ್ತು ಕಿವಿಗಳಲ್ಲಿ ಮಾತ್ರ ಹಕ್ಕಳೆ, ಹುಣ್ಣು ಕಂಡರೆ ಸೊಳ್ಳೆ ಕಡಿತದ ಅಲರ್ಜಿಯ ಸಂಶಯ ಪಡಬೇಕು. ಇಂಥ ಬೆಕ್ಕನ್ನು ಸಂಜೆಯಿಂದ ಬೆಳಗಿನವರೆಗೆ ಸೊಳ್ಳೆ ಬಾರದ ಕೋಣೆಯಲ್ಲಿಟ್ಟರೆ ಹುಣ್ಣು ಮಾಯುತ್ತದೆ. ಕಬ್ಬಿನ ಗದ್ದೆಯ ಊರಿಗೂ, ನೀರು ನಿಲ್ಲುವ ಅಡಿಕೆ ತೋಟಕ್ಕೂ ಈ ಮಾತು ಅನ್ವಯಿಸುತ್ತದೆ.

ಔಷಧೋಪಚಾರ

ಕಾರಣ ಹುಡುಕುವ ತನಕ ಬೆಕ್ಕು ನರಳಬೇಕೆಂದಿಲ್ಲ. ಉರಿಯೂತ ಇಳಿಸಲು ವೈದ್ಯರು ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಮಾತ್ರೆ ಕೊಡುತ್ತಾರೆ. ಕೆಲವೇ ವಾರಗಳಲ್ಲಿ ಹುಣ್ಣು ಕುಗ್ಗುತ್ತದೆ. ಗುಣ ಕಂಡೊಡನೆ ತಾವಾಗಿ ನಿಲ್ಲಿಸದೆ, ವೈದ್ಯರು ಹೇಳಿದಂತೆ ಪ್ರಮಾಣವನ್ನು ಇಳಿಸುತ್ತ ಬರಬೇಕು. ಆಹಾರ ಪರೀಕ್ಷೆಯ ಕಾಲದಲ್ಲಿ ಈ ಮಾತ್ರೆಯನ್ನು ಮೊದಲಿಗೆ ಕೊಟ್ಟರೂ ನಡುವೆ ನಿಲ್ಲಿಸಿ, ಬರೀ ಆಹಾರದಿಂದ ಚರ್ಮ ನೆಟ್ಟಗಿರುವುದೇ ಎಂದು ನೋಡಬೇಕಾಗುತ್ತದೆ. ಒಮ್ಮೆ ಚುಚ್ಚಿದರೆ ವಾರಗಟ್ಟಲೆ ಕೆಲಸ ಮಾಡುವ ಸ್ಟಿರಾಯಿಡ್ ಇಂಜೆಕ್ಷನ್ ಸುಲಭವೆಂದು ತೋರಿದರೂ, ಪದೇ ಪದೇ ಕೊಟ್ಟರೆ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುವ ಅಪಾಯವಿದೆ. ‘ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟರೇ’ ಎಂದು ನಾವೇ ಒತ್ತಾಯಿಸುವುದು ತರವಲ್ಲ.

ದೀರ್ಘಕಾಲ ಔಷಧಿ ಬೇಕಾದ ಬೆಕ್ಕುಗಳಿಗೆ ಸೈಕ್ಲೊಸ್ಪೋರಿನ್ ಎಂಬುದಿದೆ. ಅದರ ಗುಣ ಕಾಣಲು ಒಂದು ತಿಂಗಳಾದರೂ ಬೇಕು, ಅದನ್ನು ತೆಗೆದುಕೊಳ್ಳುವ ಬೆಕ್ಕಿಗೆ ಇಲಿ ಬೇಟೆ, ಹಸಿ ಮಾಂಸ ಎರಡೂ ಸಲ್ಲವು. ದದ್ದಿಗೆ ಕೀವಿನ ಸೋಂಕು ತಗುಲಿದ್ದರೆ ಪ್ರತಿಜೈವಿಕ ಬೇಕಾಗುತ್ತದೆ. ನೆಕ್ಕದಂತೆ ಕೊರಳಿಗೆ ಆಲಿಕೆಯಾಕಾರದ ಪಟ್ಟಿ ಹಾಕಿದರೆ ಗಾಯ ಬೇಗ ಒಣಗುತ್ತದೆ. ಅಂಗಡಿಯಿಂದ ತಂದ ಮನುಷ್ಯರ ಮುಲಾಮು ಹಚ್ಚಬಾರದು. ಹತ್ತಿರದಲ್ಲಿ ಬೆಕ್ಕಿನ ಅನುಭವವುಳ್ಳ ವೈದ್ಯರಿಲ್ಲದವರು ಶಿವಮೊಗ್ಗ, ಹಾಸನ, ಗದಗ, ಬೀದರ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳನ್ನು ವಿಚಾರಿಸಬಹುದು.

ನೆನಪಿಡತಕ್ಕ ಅಂಶಗಳು

1. ಎರಡು ವಾರ ಕಳೆದರೂ ಮಾಯದ ಹುಣ್ಣನ್ನು ಕಾದಾಟದ ಗಾಯವೆಂದು ಬಿಡಬೇಡಿರಿ.

2. ದನದ, ನಾಯಿಯ ಔಷಧಿ ಮತ್ತು ತಂಬಾಕಿನ ನೀರನ್ನು ಬೆಕ್ಕಿನ ಹತ್ತಿರ ತರಬೇಡಿರಿ.

3. ಮೊದಲು ಚಿಗಟ, ಆಮೇಲೆ ಆಹಾರ, ಆಮೇಲೆ ಗಾಳಿ-ಧೂಳು, ಈ ಕ್ರಮ ತಪ್ಪಬೇಡಿರಿ.

4. ಆಹಾರ ಪರೀಕ್ಷೆಯನ್ನು ಮನೆಯ ಎಲ್ಲರಿಗೂ, ಮುಖ್ಯವಾಗಿ ಅಜ್ಜಿಗೂ ಮಕ್ಕಳಿಗೂ, ತಿಳಿಸಿ ಆರಂಭಿಸಿರಿ. ಒಂದು ನೋಟುಬುಕ್ಕಿನಲ್ಲಿ ದಿನವೂ ತಿಂದದ್ದು, ನೆಕ್ಕಿದ್ದು ಬರೆದಿಡಿರಿ.

5. ಮನೆಯ ಮಕ್ಕಳ ಮೈಯಲ್ಲೂ ಉಂಗುರದಂಥ ತುರಿ ಕಂಡರೆ ಹುಳುಕಡ್ಡಿಯಿರಬಹುದು, ತಡಮಾಡದೆ ಇಬ್ಬರನ್ನೂ ತೋರಿಸಿರಿ.

ನಮ್ಮ ಬೆಕ್ಕು ಈಗಲೂ ಸದಲಗಾದಲ್ಲಿದೆ. ಮಳೆಗಾಲದಲ್ಲಿ ಒಮ್ಮೊಮ್ಮೆ ತುಟಿ ಸ್ವಲ್ಪ ಕೆಂಪಾಗುತ್ತದೆ. ಚಿಗಟದ ಹನಿಯ ತಾರೀಖು ತಪ್ಪಿತೇ ಎಂದು ಮಗಳು ಕ್ಯಾಲೆಂಡರ್ ನೋಡುತ್ತಾಳೆ. ಆಯಿ ಎಮ್ಮೆ ಹಿಂಡುವಾಗ ಬೆಕ್ಕು ಇಂದಿಗೂ ಎದುರಿಗೆ ಬಂದು ಕುಳಿತು ಮುಖ ನೋಡುತ್ತದೆ. ಅವರು ಸೆರಗಿನ ಗಂಟು ಬಿಚ್ಚಿ, ವೈದ್ಯರು ಹೇಳಿದ ಆ ಒಣ ಆಹಾರದ ನಾಲ್ಕು ಕಾಳನ್ನು ಅಂಗೈಯಲ್ಲಿಟ್ಟು ಕೊಡುತ್ತಾರಂತೆ.